ಎರಡು ಶರ್ಟುಗಳ ನಡುವೆ

ಮಗೂ, ಮೊದಲು ಆ ಸಂಗೀತ ನಿಲ್ಲಿಸು.
ಬೆಸುಗೆಗೂ ಡೋಲಿಗೂ ಏನು ಸಂಬಂಧ?
ನಿನ್ನ ಮುಖ ನಾನು ನೋಡಿಲ್ಲ, ನೋಡುವುದೂ ಬೇಡ.
ಕೈ ಸಾಕು. ಎಡ ಹೆಬ್ಬೆರಳ ಉಗುರಿನ ಆ ಕಪ್ಪು ಚುಕ್ಕೆ
ನನಗೀಗ ನೆಂಟರ ಪೈಕಿ.

ನಾನು ಲಾಮಾರಾ. ಟಿಬಿಲಿಸಿ,
ಗಲ್ದಾನಿ ಬಡಾವಣೆ, ಒಂಬತ್ತನೇ ಮಹಡಿ.
ಇಪ್ಪತ್ತಾರು ವರ್ಷ ಮೆಟ್ರೊ ಓಡಿಸಿದವಳು.
ಸುರಂಗದ ತುದಿಯ ದೀಪ ಹಸಿರೋ ಕೆಂಪೋ
ಅದರ ಮೇಲೇ ನನ್ನ ರೊಟ್ಟಿ ಬೆಂದದ್ದು.
ಅಂಥವಳಿಗೂ ನಿನ್ನ ವಿಡಿಯೊದಲ್ಲಿ
ರೆಸಿಸ್ಟರಿನ ಮೂರನೇ ಪಟ್ಟೆ
ಕೆಂಪೋ ಕಿತ್ತಳೆಯೋ ತಿಳಿಯಲಿಲ್ಲ.
ಹಳದಿ ಬಲ್ಬಿನ ಕೆಳಗೆ ಎರಡೂ ಒಂದೇ.
ನಿಲ್ಲಿಸಿದೆ. ಹಿಂದಕ್ಕೆ ಎಳೆದೆ. ಮತ್ತೆ ನಿಲ್ಲಿಸಿದೆ.
ಕನ್ನಡಕ ತೆಗೆದು ಮೂಗನ್ನು ಪರದೆಗೆ ತಾಗಿಸಿದೆ.
ಸಾವಿರವೋ, ಹತ್ತು ಸಾವಿರವೋ,
ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ
ನಿನ್ನ ಗಂಟೇನು ಹೋಗುತ್ತಿತ್ತು?

ನಾನು ಮಾಡಹೊರಟದ್ದು ದೊಡ್ಡದೇನಲ್ಲ.
ನಮ್ಮ ಲಿಫ್ಟಿಗೆ ನಾಣ್ಯ ಹಾಕಬೇಕು,
ಅದು ನುಂಗಿ, ಯೋಚಿಸಿ, ಆಮೇಲೆ ಏರುತ್ತದೆ.
ನಮ್ಮ ಮಹಡಿಗೆ ಬಂದು ನಿಂತಾಗ
ಬಾಗಿಲ ಸೀಳಿನಿಂದ ಬೆಳಕಿನದೊಂದು ಗೆರೆ ಬೀಳುತ್ತದೆ.
ಗೆರೆ ಬಿದ್ದೊಡನೆ ನನ್ನ ಅಡುಗೆಮನೆಯಲ್ಲಿ
ಒಂದು ಕೆಂಪು ದೀಪ ಹತ್ತಬೇಕು.
ಯಾಕೆ, ಎಂದಳು ಎದುರುಮನೆಯ ತ್ಸಿಯಾಲಾ.
ಬರುವವರು ಯಾರಾದರೂ ಇದ್ದಾರೆಯೆ?
ಯಾರೂ ಇಲ್ಲ ಕಣೇ. ಹತ್ತಬೇಕು, ಅಷ್ಟೆ.
ಯಾಕೆಂದು ಕೇಳದವನು ನೀನೊಬ್ಬ.
ಅದಕ್ಕೇ ನಿನ್ನ ಮೇಲೆ ಇಷ್ಟು ಸಿಟ್ಟು.

ಎಲಿಯಾವಾ ಸಂತೆಯಲ್ಲಿ ಅಂಜೋರ್
ಟ್ರಾನ್ಸಿಸ್ಟರುಗಳನ್ನು ಸೂರ್ಯಕಾಂತಿ ಬೀಜದ ಹಾಗೆ
ಕಾಗದದ ಪೊಟ್ಟಣ ಕಟ್ಟಿಕೊಟ್ಟ.
"ಮೂರು ಕಾಲು, ಅಜ್ಜಿ. ಯಾವುದು ಯಾವುದೆಂದು ಗೊತ್ತಲ್ಲ?"
ಗೊತ್ತು ಅಂದೆ. ಗೊತ್ತಿರಲಿಲ್ಲ.
ನಿನ್ನನ್ನು ನೋಡಿ ತಿಳಿದುಕೊಂಡರಾಯಿತು ಅಂದುಕೊಂಡೆ.
ನೀನೋ, ನಾಲ್ಕನೇ ನಿಮಿಷದಲ್ಲಿ
ಸರಿಯಾಗಿ ಕಾಲುಗಳಿರುವ ಕಡೆಗೇ ಅಂಗೈ ಅಡ್ಡ ಇಟ್ಟೆ.
ಐದನೇ ನಿಮಿಷಕ್ಕೆ ನಿನ್ನ ತೋಳಿಗೆ ಬೇರೆ ಶರ್ಟು.
ಮೇಜಿನ ಮೇಲಿದ್ದ ಬಿಸಿಲು ಎದ್ದು ಹೋಗಿತ್ತು.
ದೀಪ ಹತ್ತಿತ್ತು. "ನೋಡಿ, ಇಷ್ಟೇ" ಅಂದೆ.

ಇಷ್ಟೇ ಅಲ್ಲ.
ಎರಡು ಶರ್ಟುಗಳ ನಡುವೆ ಏನಾಯಿತು, ಅದು ಹೇಳು.
ಎಷ್ಟು ಸಲ ಹತ್ತಲಿಲ್ಲ?
ಮೇಜಿನ ಅಂಚಿಗೆ ಆ ಹೊಸ ಸುಟ್ಟ ಕಲೆ ಎಲ್ಲಿಂದ ಬಂತು?
ಯಾರನ್ನು ಬೈದೆ? ಚಹಾ ಆರಿತೆ?
ಬಿಟ್ಟು ಮಲಗಿದೆಯಾ, ನಿದ್ದೆ ಬಂತೆ?
ಗೆದ್ದದ್ದನ್ನು ಯಾರು ಬೇಕಾದರೂ ತೋರಿಸುತ್ತಾರೆ
ಮದುವೆ ಫೋಟೊದ ಹಾಗೆ.
ನನಗೆ ಬೇಕಾದ್ದು ನೀನು ಕತ್ತರಿಸಿ ಎಸೆದದ್ದು.

ನನ್ನದು ನಿನ್ನೆ ಸುಟ್ಟಿತು.
ನಾನೂರೆಪ್ಪತ್ತು ಓಮಿನದೊಂದು ಬಿಟ್ಟೇಹೋಗಿತ್ತು.
ಕೆಂಪು ದೀಪ ಕಿತ್ತಳೆಯಾಗಿ
ಒಂದುಸಿರಿನಷ್ಟು ಹೊತ್ತು ಬೆಳಗಿತು.
ಅಷ್ಟು ಚಂದ ಬೆಳಗಿದಾಗಲೇ ತಿಳಿಯಬೇಕಿತ್ತು.
ಆಮೇಲೆ ವಾಸನೆ,
ಬ್ರೇಕು ಕಾದಾಗ ಬರುತ್ತಿದ್ದ ವಾಸನೆಯ ತಮ್ಮ.

ಇವತ್ತು ತ್ಸಿಯಾಲಾಳ ಫೋನನ್ನು
ಸಕ್ಕರೆ ಡಬ್ಬಿಗೆ ಒರಗಿಸಿ ನಾನೂ ಒಂದು ತೆಗೆದೆ.
ನಲವತ್ತೇಳು ನಿಮಿಷ. ಏನೂ ಕತ್ತರಿಸಿಲ್ಲ,
ಕತ್ತರಿಸಲು ಬರುವುದೂ ಇಲ್ಲ.
ನಡುವೆ ಕನ್ನಡಕ ಬೀಳುತ್ತದೆ.
ತ್ಸಿಯಾಲಾ ಹುಳಿ ಪ್ಲಮ್ಮಿನ ದರ ಹೇಳುತ್ತಾಳೆ, ಎರಡು ಸಲ.
ಇಪ್ಪತ್ತನೆಯದರಿಂದ ಇಪ್ಪತ್ತೊಂಬತ್ತನೆಯದರವರೆಗೆ
ನಾನು ಸುಮ್ಮನೆ ಕೂತಿದ್ದೇನೆ,
ಎಲ್ಲ ಸರಿಯಿದೆ, ದೀಪ ಮಾತ್ರ ಇಲ್ಲ.
ಬೇಕಾದವರು ಅಲ್ಲಿ ನನ್ನ ಜೊತೆ ಕೂರಬಹುದು.
ಮೂವತ್ತೊಂದರಲ್ಲಿ ಒಂದು ರೆಸಿಸ್ಟರು ಕಿತ್ತು
ಇನ್ನೊಂದು ಕೂರಿಸುತ್ತೇನೆ.
ಕೊನೆಗೆ ಕೆಳಗೆಲ್ಲೋ ನಾಣ್ಯ ಬಿದ್ದ ಸದ್ದು,
ಹಗ್ಗಗಳ ನರಳಾಟ,
ದೀಪ.
ತ್ಸಿಯಾಲಾ ಓಡಿ ಬಾಗಿಲು ತೆರೆದಳು:
ಮಹಡಿ ತಪ್ಪಿ ಬಂದ ಒಬ್ಬ ಹುಡುಗ.
ಕ್ಷಮಿಸಿ ಅಂದ.

ಒಂದು ಮರೆತೆ, ಅದಕ್ಕೇ ಫೋನು ಮತ್ತೆ ಒರಗಿಸಿದ್ದೇನೆ.
ಇಲ್ಲಿ ನೋಡಿ, ಕಿಟಕಿಯ ಬೆಳಕಿಗೆ ಹಿಡಿದಿದ್ದೇನೆ,
ಕೈ ಸ್ವಲ್ಪ ನಡುಗುತ್ತದೆ, ಆದರೆ ಅಡ್ಡ ಬಂದಿಲ್ಲ.
ಕಂದು. ಕಪ್ಪು.
ಮೂರನೇ ಪಟ್ಟೆ ಕಿತ್ತಳೆ.
ಕೇಳಿಸಿತೆ? ಕಿತ್ತಳೆ.
ಹತ್ತು ಸಾವಿರ.