ಎದುರು ತೂಕ

ವಾಲ್ಪರೈಸೊ ಗುಡ್ಡದ ಮೇಲಿನ ನಮ್ಮ ಗ್ರಂಥಾಲಯಕ್ಕೆ
ಮಂಗಳವಾರ ಬರುತ್ತಾನೆ ನಿಬಾಲ್ಡೊ ಒಯಾರ್ಸುನ್:
ಮೂವತ್ತೊಂದು ವರ್ಷ ಇಳಿಜಾರು ಗಾಡಿಯ ಹಿಡಿ ಎಳೆದ ಕೈ.

ಚಿತ್ರ ಒತ್ತುವುದು ಅವನಿಗೆ ಸೇರದು.
‘ಬರೀ ಚಕ್ರ ತಿರುಗುತ್ತದೆ, ಬಾಯಿಲ್ಲ ಅದಕ್ಕೆ.
ಗಾಡಿ ನಿಂತರೆ ಯಾಕೆ ನಿಂತಿತೆಂದು
ಜನಕ್ಕೆ ಹೇಳಬೇಡವೇ?’

ಅದಕ್ಕೇ ಕಪ್ಪು ಕಿಟಕಿ ತೆರೆದು
ಎರಡೇ ಬೆರಳಲ್ಲಿ ಒಂದು ಸಾಲು ಕುಟ್ಟುತ್ತಾನೆ:
ತಾ,
ಅಕಾರ್ಡಿಯನ್ನಿನ ಸ್ವರ ಬರೆದಿಡುವ ತಂತ್ರಾಂಶ.
ಒಂದನ್ನು ಕರೆದರೆ ಹದಿನಾಲ್ಕು ಬಂದವು
ಬೀಗರ ದಿಬ್ಬಣದಂತೆ, ಹೆಸರು ಹೇಳಿಕೊಂಡು.
ಇಷ್ಟು ಜಾಗ ಬೇಕು. ಒಪ್ಪಿಗೆಯೇ?

ಜಾಗವಿರಲಿಲ್ಲ.
ದಾನಕ್ಕೆ ಬಂದ ಲ್ಯಾಪ್‌ಟಾಪು, ಗಂಟಲವರೆಗೆ ತುಂಬಿದ ಡಿಸ್ಕು.
ಕ್ಷಮಿಸಿ ಅನ್ನುವಷ್ಟರಲ್ಲಿ
ಗಾಜಿನಾಚೆ ಬೆರಳು ತೋರಿದ:
ಹಳದಿ ಪೆಟ್ಟಿಗೆ ಹತ್ತುತ್ತಿತ್ತು,
ಅದೇ ಹಗ್ಗದ ಇನ್ನೊಂದು ತುದಿಗೆ
ಇಳಿಯುತ್ತಿತ್ತು ಅದರ ಜೋಡಿ.
‘ಇಳಿಸದೆ ಏರಿಸಿದವರು ಯಾರು, ಹುಡುಗಿ?’

ಇಸ್ಪೀಟು ಹೋಯಿತು.
ಯಾರೂ ಮುಟ್ಟದ ಮೂರು ಫಾಂಟು.
ಸತ್ತ ಪ್ರಿಂಟರೊಂದರ ಕಡತಗಳು,
‘ಇವು ಈಗ ಯಾರಿಗೂ ಬೇಕಿಲ್ಲ’ ಎಂದಿತು ಯಂತ್ರ.
ಆ ಸಾಲನ್ನು ಅವನು ಎರಡು ಸಲ ಓದಿದ.
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ
ಹೌದು ಎಂದು ಒತ್ತಿದ.

ಅಂಕಿ ಏರತೊಡಗಿತು.
ನಲವತ್ತು. ಎಪ್ಪತ್ತೊಂದು. ಉಸಿರು ಹಿಡಿದೆವು.
ತೊಂಬತ್ತೆಂಟು ದಾಟಿ
ಮೇಲಿನ ನಿಲ್ದಾಣ ಹತ್ತಿರಾದಾಗ
ಅವನ ಬಲಗಾಲು, ತನ್ನಷ್ಟಕ್ಕೆ,
ಮೇಜಿನಡಿ ಇಲ್ಲದ ಬ್ರೇಕನ್ನು
ಮೆಲ್ಲಗೆ ಅದುಮಿತು.