ಲವಂಗದ ಲೆಕ್ಕ

ಮೈಮೂನಾ ಹುಟ್ಟಿದ ದಿನ ಅವಳಪ್ಪ
ಹಿತ್ತಿಲ ಬೂದಿಮಣ್ಣಿನಲ್ಲೊಂದು ಲವಂಗದ ಸಸಿ ನೆಟ್ಟ.
ನಮ್ಮ ಮಕಿಯಾನ್ ದ್ವೀಪದಲ್ಲಿ ವಯಸ್ಸು ಕೇಳಿದರೆ
ಯಾರೂ ಬಾಯಲ್ಲಿ ಹೇಳುವುದಿಲ್ಲ,
ಮರದ ಕಡೆ ಕೈ ತೋರಿಸುತ್ತಾರೆ.

ಮೊದಲು ಪೋರ್ಚುಗೀಸರು, ತಕ್ಕಡಿ ತಂದರು.
ಆಮೇಲೆ ಸ್ಪೇನಿನವರು; ಅವರ ತೂಕದ ಬಟ್ಟು ಬೇರೆ.
ಡಚ್ಚರು ಬಂದವರೇ
ಹಳೆಯ ಬಟ್ಟೆಲ್ಲ ಸುಳ್ಳೆಂದು ಸಮುದ್ರಕ್ಕೆಸೆದರು.
ಒಂದು ರಾತ್ರಿ ಇಂಗ್ಲಿಷರ ದೋಣಿ, ದೀಪವಿಲ್ಲದೆ,
ಹೆಚ್ಚಿನ ಬೆಲೆ ಪಿಸುಗುಟ್ಟಿ ಹೋಯಿತು.
ಅವಳಪ್ಪ ನಾಲ್ಕು ಭಾಷೆಯಲ್ಲಿ "ಕಡಿಮೆಯಾಯಿತು" ಅನ್ನಲು ಕಲಿತ.
ಐದನೆಯದು ನಮ್ಮದು,
ಅದರಲ್ಲಿ ಕೇಳಿಸಿಕೊಳ್ಳುವವರಿರಲಿಲ್ಲ.

ಕೋಣಗಳು ಕಾದಾಡಿದ್ದು ಕಡಲಾಚೆ ಎಲ್ಲೋ.
ಗಿಡ ಮಾತ್ರ ನಮ್ಮ ಹಿತ್ತಿಲದು.

ಈಗ ಕೊಡಲಿಯವರು ಬಂದಿದ್ದಾರೆ.
ಲವಂಗ ಇನ್ನು ಅಂಬೋನಿನಲ್ಲಷ್ಟೇ ಬೆಳೆಯಬೇಕಂತೆ,
ಇಲ್ಲಿ ಚಿಗುರಿದರೆ ಕಳ್ಳತನವಂತೆ.
ಕಾರಕೂನ ಬೆವರೊರೆಸುತ್ತ ಬರೆದುಕೊಳ್ಳುತ್ತಾನೆ:
ಬುಡ ಒಂದು. ಬುಡ ಎರಡು.
ಪರಿಹಾರ ಸುಲ್ತಾನನಿಗೆ ಸಂದಾಯ.
ಮೈಮೂನಾಳ ಹದಿನೇಳು ವರ್ಷ
ಯಾವ ಕಲಮಿನಲ್ಲಿ ಬರೆಯಬೇಕೆಂದು
ಪಾಪ, ಅವನಿಗೂ ತಿಳಿಯದು.

ಮರ ಬಿದ್ದಾಗ ಇಡೀ ಊರು ಘಮಘಮಿಸಿತು
ಮದುವೆ ಮನೆಯ ಹಾಗೆ.
ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ.

ಸಂಜೆ, ಕೊಯ್ಯದೆ ಉಳಿದು ಹಣ್ಣಾಗಿದ್ದ
ಕಾಯೊಂದನ್ನು ದವಡೆಗಿಟ್ಟುಕೊಂಡು
ಕೋಟೆಯ ಮುಂದೆಯೇ ನಡೆದಳು ದೋಣಿಯ ಕಡೆಗೆ.
ಕಾವಲಿನವನು ತಡೆದ: "ಏನದು ಕೆನ್ನೆಯಲ್ಲಿ?"

"ಹಲ್ಲುನೋವು" ಎಂದಳು,
ಬಾಯಿ ಪೂರ್ತಿ ತೆರೆಯದೆ.