ಮೂರು ಮುಖ

ಅಗಾದಿರ್ ಬಂದರಿನ ಹಿಂದೆ, ನಮ್ಮ ಮೀನು ಡಬ್ಬಿಯ ಕಾರ್ಖಾನೆಯ
ಬಾಗಿಲಲ್ಲೊಂದು ಕಂಬ ನೆಟ್ಟಿದ್ದಾರೆ, ಸೊಂಟದೆತ್ತರ.
ಅದರ ನೆತ್ತಿಯ ಮೇಲೆ ಮೂರು ಗುಂಡಿ, ಮೂರು ಮುಖ:
ನಗುವ ಹಸಿರು, ಸುಮ್ಮನಿರುವ ಹಳದಿ, ಮೋರೆ ಇಳಿಬಿಟ್ಟ ಕೆಂಪು.
ಇವತ್ತಿನ ಕೆಲಸ ಹೇಗಿತ್ತು? ಎಂದು
ಮೂರು ಭಾಷೆಯಲ್ಲಿ ಬರೆದಿದೆ.
ಓದು ಬಾರದವರಿಗೆ ಮುಖವೇ ಸಾಕಲ್ಲ.

ದಿನಾ ಸಂಜೆ ಒರೆಸುವವನು ನಾನು.
ನೆಲ, ನಲ್ಲಿ, ಕೊನೆಗೆ ಈ ಮೂರು ಮುಖ.
ಹಾಗಾಗಿ ಕಚೇರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು:
ಹಸಿರಿನ ನಗು ಸವೆದು ಸವೆದು ಬರೀ ಗೀರು ಉಳಿದಿದೆ,
ಹಳದಿಯ ಮೇಲೆ ಆಗೊಂದು ಈಗೊಂದು ಬೆರಳು,
ಕೆಂಪು ಮಾತ್ರ ಪೆಟ್ಟಿಗೆ ಬಿಚ್ಚಿದ ದಿನ ಇದ್ದ ಹಾಗೇ.

ಯಾಕೆಂದರೆ ಮೇಲೆ, ಗೋಡೆಯಲ್ಲಿ, ಕ್ಯಾಮೆರಾ.
ಅದು ನೋಡುವುದು ಬಾಗಿಲನ್ನು, ಕಂಬವನ್ನಲ್ಲ
ಎನ್ನುತ್ತಾನೆ ಮೇಸ್ತ್ರಿ ಬೆನಾಸರ್.
ಇರಬಹುದು. ಕಂಬ ಇರುವುದು ಬಾಗಿಲಲ್ಲೇ.

ಒಳಗೆ ಎಂಟನೆಯ ಮೇಜು.
ತಲೆ ತೆಗೆ, ಕರುಳು ತೆಗೆ, ಸಾಲಾಗಿ ಮಲಗಿಸು.
ಐದು ಮೀನು, ಒಂದು ಡಬ್ಬಿ.
ಐದು ಮೀನು, ಒಂದು ಡಬ್ಬಿ.
ಪರದೆಯಲ್ಲಿ ಮೇಜಿನ ಲೆಕ್ಕ ಏರುತ್ತಿರುತ್ತದೆ,
ಏರದಿದ್ದರೆ ಅಂಕಿ ಕೆಂಪಾಗುತ್ತದೆ.
ಇಲ್ಲಿ ಕೆಂಪಾಗುವ ಹಕ್ಕಿರುವುದು ಅದೊಂದಕ್ಕೇ.

ಮೊದಲೆಲ್ಲ ಆ ಮೇಜಿನಲ್ಲಿ ಇತ್ತೊ ಒಗಟು ಹೇಳುತ್ತಿದ್ದಳು.
ಬೆಟ್ಟದ ಕಡೆಯವಳು, ಗದ್ದದ ಮೇಲೆ ಹಚ್ಚೆ.
ಬೆಳಿಗ್ಗೆ ಒಗಟು ಬಿಟ್ಟರೆ ಉತ್ತರ ಊಟದ ಹೊತ್ತಿಗೆ.
ನಡುವೆ ಮೇಜಿನುದ್ದಕ್ಕೂ ತಪ್ಪು ಉತ್ತರಗಳು ಸಾಗುತ್ತಿದ್ದವು
ಮೀನಿಗಿಂತ ಚುರುಕಾಗಿ.

ಮೈತುಂಬ ಬೆಳ್ಳಿ ಕಾಸು, ಕೈಯಲ್ಲೊಂದು ಕಾಸಿಲ್ಲ,
ಯಾರವಳು?
ಮದುಮಗಳು, ಎಂದಳು ಮಹಜೂಬಾ.
ಮಾಲೀಕನ ಅತ್ತೆ, ಎಂದಳು ತೂಡಾ.
ಆ ನಗುವಿನಲ್ಲಿ ಚಾಕು ಜಾರಿ ಯಾರದೋ ಹೆಬ್ಬೆರಳು ಕುಯ್ದಿತು.
ಮಾರನೆಯ ದಿನ ಚೀಟಿ: ಮೇಜಿನ ಬಳಿ ಮಾತು ಕೂಡದು,
ನಿಮ್ಮದೇ ಸುರಕ್ಷತೆಗಾಗಿ.
ಉತ್ತರ ಬಾಕಿ ಉಳಿಯಿತು.

ಬೆರಳು ಕುಯ್ಯುವುದೇನೂ ನಿಲ್ಲಲಿಲ್ಲ.
ನಗದೆಯೂ ಜಾರುತ್ತದೆ ಚಾಕು.
ತೂಡಾ ನಿದ್ದೆಯಲ್ಲೂ ಐದೈದೇ ಎಣಿಸುತ್ತಾಳಂತೆ,
ಆರು ತುಂಬಿದ ಮಗನಿಗೆ ಐದು ಎಂದು
ಶಾಲೆಯಲ್ಲಿ ಬರೆಸಿ ಬಂದಳಂತೆ.
ಮಹಜೂಬಾ ಬಸ್ಸಿನಲ್ಲಿ ಯಾರಿಗೂ ಸಲಾಂ ಹೇಳುವುದಿಲ್ಲ.
ಇತ್ತೊ ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ.
ನೀರು ಪೋಲಾಗುವ ಲೆಕ್ಕ ಹಾಕುತ್ತ ನಾನು ಹೊರಗೆ ನಿಂತಿರುತ್ತೇನೆ,
ಕದ ತಟ್ಟುವುದಿಲ್ಲ.

ತಿಂಗಳ ಕೊನೆಗೆ ಫಲಕದಲ್ಲೊಂದು ಕಾಗದ:
ಸಿಬ್ಬಂದಿಯ ಉತ್ಸಾಹ ನೂರಕ್ಕೆ ತೊಂಬತ್ತಾರು.
ಎಲ್ಲರಿಗೂ ಒಂದೊಂದು ಕೀಚೈನು,
ಅದರಲ್ಲೂ ಅದೇ ಹಸಿರು ಮುಖ.

ಒಂದು ದಿನ ಕರೆಂಟು ಹೋಯಿತು.
ಕಿಟಕಿಯಿಲ್ಲದ ಹಜಾರ. ಬೆಲ್ಟು ನಿಂತಿತು, ಪರದೆ ಕುರುಡಾಯಿತು.
ತುಂಬ ಹೊತ್ತು ಯಾರೂ ಮಾತಾಡಲಿಲ್ಲ,
ಮಾತು ಮರೆತೇ ಹೋಗಿತ್ತೋ ಏನೋ.
ಆಮೇಲೆ ಕತ್ತಲಲ್ಲಿ ಯಾರೋ, ಮೆಲ್ಲಗೆ:
ಆ ಕಾಸಿನವಳು ಯಾರು, ಇತ್ತೊ? ಹೇಳಲೇ ಇಲ್ಲವಲ್ಲ.

ಹೇಳಿದಳೋ ಇಲ್ಲವೋ, ನನಗೆ ಕೇಳಿಸಲಿಲ್ಲ.
ಕೇಳಿಸಿದ್ದು ನಗು. ಅಲ್ಲ, ಮೊದಲು ಕೆಮ್ಮು.
ಬಹಳ ದಿನ ತಿರುಗಿಸದ ನಲ್ಲಿ
ಮೊದಲು ಗಾಳಿ ಉಗುಳಿ, ಆಮೇಲೆ ತುಕ್ಕು,
ಆಮೇಲೆ ನೀರು ಬಿಡುತ್ತದಲ್ಲ, ಹಾಗೆ.
ಮುಕ್ಕಾಲು ಗಂಟೆ. ಮತ್ತೆ ದೀಪ ಬಂತು,
ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡರು.

ಅವತ್ತು ಸಂಜೆ ಒರೆಸಲು ಹೋದರೆ
ಕೆಂಪು ಮುಖದ ಹಣೆಯಲ್ಲಿ, ಸರಿಯಾಗಿ ನಡುವೆ,
ಮೀನಿನ ಹುರುಪೆ ಅಂಟಿತ್ತು, ಪುಟ್ಟ ಬೆಳ್ಳಿ ಕಾಸು.
ಪಕ್ಕದಲ್ಲಿ ಇನ್ನೊಂದು. ಗಲ್ಲದ ಮೇಲೆ ನಾಲ್ಕೈದು.
ಓಹೋ, ಇವಳೇ, ಎಂದುಕೊಂಡೆ.

ಮೇಲೆ ಕ್ಯಾಮೆರಾ, ಕೈಯಲ್ಲಿ ಒದ್ದೆ ಬಟ್ಟೆ.
ಹಸಿರನ್ನು ಒರೆಸಿದೆ. ಹಳದಿಯನ್ನು ಒರೆಸಿದೆ.
ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದೆ.

ನಾನು ಗುತ್ತಿಗೆಯವನು, ನನ್ನ ಬೆರಳು ಲೆಕ್ಕಕ್ಕಿಲ್ಲ
ಎಂದಿದ್ದ ಬೆನಾಸರ್, ಕಂಬ ನೆಟ್ಟ ದಿನವೇ.
ಹುರುಪೆ ಕದಲದ ಹಾಗೆ, ಅಂಚಿನಲ್ಲಿ,
ಒತ್ತಿದೆ.
ಕುಂಯ್ ಎಂದು ಯಂತ್ರ
ಮೂರು ಭಾಷೆಯಲ್ಲೂ ಧನ್ಯವಾದ ಹೇಳಿತು.